ಕಟ್ಟಿಕೊಂಡ ರುಮಾಲು, ತೊಡಿಸಿದ ಪೇಟ

ತಲೆಗೆ ಏರುವ ಉಡುಪುಗಳನ್ನು ಸಾಮಾನ್ಯವಾಗಿ ಆಕಾರ ನೋಡಿ ವಿಂಗಡಿಸುತ್ತಾರೆ. ಉದ್ದ ಬಟ್ಟೆ ಸುತ್ತಿದರೆ ರುಮಾಲು ಅಥವಾ ಮುಂಡಾಸು, ಮಡಿಕೆ ಕೂರಿಸಿ ಜರಿ ಅಂಚು ಕಾಣುವಂತೆ ಕಟ್ಟಿದರೆ ಪೇಟ, ಹೊಲಿದದ್ದಾದರೆ ಟೋಪಿ, ಥಳಥಳಿಸಿದರೆ ಕಿರೀಟ. ಅವುಗಳ ಅರ್ಥ ತಿಳಿಯಲು ಈ ವಿಂಗಡಣೆ ಅಷ್ಟಾಗಿ ಒದಗುವುದಿಲ್ಲ. ಅದಕ್ಕೆ ಬೇರೆ ಎರಡು ಪ್ರಶ್ನೆ ಕೇಳಬೇಕು. ಇದನ್ನು ತಲೆಗೆ ಇಟ್ಟವರು ಯಾರು, ತಾನೇ ಸುತ್ತಿಕೊಂಡದ್ದೋ ಇನ್ನೊಬ್ಬರು ತೊಡಿಸಿದ್ದೋ? ಯಾರೆದುರು ಇದನ್ನು ತೆಗೆಯಬೇಕಾಗುತ್ತದೆ? ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಸುತ್ತಿನ ಸೀಮೆಯಲ್ಲಿ ದನದ ಜಾತ್ರೆಯ ರುಮಾಲಿದೆ, ನಾಟಕ ಕಂಪನಿಯ ಕಿರೀಟವಿದೆ, ಕುದುರೆ ಫಾರಂ ಇದೆ, ಹೆಲ್ಮೆಟ್ ತಪಾಸಣೆಯ ಹೆದ್ದಾರಿಗಳಿವೆ. ಈ ಎರಡು ಪ್ರಶ್ನೆಗಳಿಗೆ ಇಲ್ಲಿ ಹಲವು ಬಗೆಯ ಉತ್ತರ ಸಿಗುತ್ತವೆ.

ಮನುಷ್ಯನ ತಲೆಗೆ ಮೊದಲು ಏರುವುದು ಬೇರೆಯವರು ತೊಡಿಸಿದ್ದೇ. ಬಾಣಂತಿ ಮನೆಯಲ್ಲಿ ಅಜ್ಜಿಯೋ ತಾಯಿಯೋ ಕೂಸಿಗೆ ಕಟ್ಟುವ ಕುಲಾವಿ ಅದು. ತಲೆ, ಕಿವಿ ಎರಡನ್ನೂ ಮುಚ್ಚಿ ಗಲ್ಲದ ಕೆಳಗೆ ದಾರ ಬಿಗಿಯುವ ಇದನ್ನು ಹಳೆಯ ಸೀರೆಯ ಮೆತ್ತನೆ ತುಂಡಿನಿಂದ ಹೊಲಿಯುತ್ತಿದ್ದರು. ತಲೆಯಿಂದ ಬೆನ್ನಿನವರೆಗೂ ಇಳಿಬಿದ್ದರೆ ಅದು ಕುಂಚಿಗೆ. ಶೀತಗಾಳಿ ತಾಗದಿರಲಿ, ಯಾರ ಕಣ್ಣೂ ಬೀಳದಿರಲಿ ಎಂಬ ಎರಡು ಉದ್ದೇಶವೂ ಒಂದೇ ಬಟ್ಟೆಯಲ್ಲಿ ತೀರುತ್ತವೆ. ಕೂಸು ಅದನ್ನು ಕಿತ್ತೆಸೆಯಲು ಕಲಿತ ದಿನದಿಂದ ದೊಡ್ಡವರ ಮತ್ತು ಅದರ ನಡುವಿನ ಜಟಾಪಟಿ ಶುರುವಾಗುತ್ತದೆ.

ತಾನೇ ಸುತ್ತಿಕೊಳ್ಳುವ ಉಡುಪುಗಳಲ್ಲಿ ರುಮಾಲಿಗೆ ಮೊದಲ ಸ್ಥಾನ. ಅದಕ್ಕೆ ಹೊಲಿಗೆಯಿಲ್ಲ, ಗುಂಡಿಯಿಲ್ಲ, ಇಂಥವರ ತಲೆಗೆ ಇಷ್ಟೇ ಅಳತೆ ಎಂಬುದೂ ಇಲ್ಲ. ಬಿಚ್ಚಿದರೆ ಬರೀ ಬಟ್ಟೆ. ಹೊಲದಲ್ಲಿ ಬೆವರು ಒರೆಸಲು, ಬುತ್ತಿ ಕಟ್ಟಿಕೊಳ್ಳಲು, ಮರದ ನೆರಳಲ್ಲಿ ಹಾಸಿಕೊಂಡು ಮಲಗಲು, ಹಗ್ಗ ಸಿಗದಾಗ ಸೊಪ್ಪಿನ ಹೊರೆ ಬಿಗಿಯಲು ಅದೇ ಬೇಕು. ಹೊರೆ ಹೊರುವಾಗ ಅದನ್ನೇ ಹುರಿ ಮಾಡಿ ಸುತ್ತಿ ಸಿಂಬೆ ಮಾಡಿಕೊಳ್ಳುತ್ತಾರೆ. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯ ಹಮಾಲಿಗಳ ತಲೆ ಮೇಲೆ ಇಂದಿಗೂ ಕಾಣುವುದು ಹೀಗೆ ಸಿಂಬೆಯಾದ ಟವೆಲ್ಲು. ಮಳೆಗಾಲದಲ್ಲಿ ರುಮಾಲಿನ ಜಾಗಕ್ಕೆ ಕಂಬಳಿ ಬರುತ್ತದೆ. ಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಸಿಕ್ಕಿಸಿಕೊಂಡರೆ ಕೊಪ್ಪೆ ಆಯಿತು. ತಲೆಯೂ ಬೆನ್ನೂ ಮುಚ್ಚಿ ಎರಡು ಕೈ ಕೆಲಸಕ್ಕೆ ಬಿಡುವಾಗಿರುತ್ತವೆ. ಕೊಡೆಗೆ ಈ ಗುಣವಿಲ್ಲ. ಕುರಿ ಕಾಯುವವರೂ ರಾಗಿ ಪೈರು ನೆಡುವವರೂ ಕೊಪ್ಪೆಯನ್ನು ಬಹಳ ಕಾಲ ಬಿಡದಿದ್ದದ್ದು ಅದಕ್ಕೇ.

ಇದೇ ಬಟ್ಟೆಗೆ ಜಾತ್ರೆಯಲ್ಲಿ ಇನ್ನೊಂದು ಕೆಲಸವಿದೆ. ಶಿವರಾತ್ರಿಯ ಹೊತ್ತಿಗೆ ತುಮಕೂರಿನ ಪಕ್ಕದ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಜೋಡೆತ್ತಿನ ಮುಂದೆ ಕೊಳ್ಳುವವರ ಕಡೆಯವನೊಬ್ಬ, ಮಾರುವವರ ಕಡೆಯವನೊಬ್ಬ ನಿಲ್ಲುತ್ತಾರೆ. ದಳ್ಳಾಳಿ ಹೆಗಲ ಮೇಲಿನ ಅಥವಾ ತಲೆಯ ಟವೆಲ್ ಬಿಚ್ಚಿ ಅವರಿಬ್ಬರ ಕೈಗಳ ಮೇಲೆ ಹರಡುತ್ತಾನೆ. ಆ ಮರೆಯಲ್ಲಿ ಬೆರಳುಗಳು ಮಾತಾಡುತ್ತವೆ. ಎಷ್ಟು ಬೆರಳು ಹಿಡಿದರೆ ಎಷ್ಟು ಸಾವಿರ, ಎಷ್ಟು ನೂರು ಎಂಬುದು ಕೈ ಒಳಗಿದ್ದವರಿಗೆ ಮಾತ್ರ ಗೊತ್ತು. ಸುತ್ತ ನಿಂತವರಿಗೆ ಕಾಣುವುದು ಬಟ್ಟೆ ಮಿಸುಕುವುದು, ಒಬ್ಬ ತಲೆಯಾಡಿಸುವುದು, ಇನ್ನೊಬ್ಬ ಕೈ ಕೊಸರಿಕೊಂಡು ಹೋದಂತೆ ಮಾಡಿ ಮತ್ತೆ ಬರುವುದು, ಇಷ್ಟೇ. ಬೆಲೆ ಬಯಲಾದರೆ ಪಕ್ಕದ ಜೋಡಿಯ ವ್ಯಾಪಾರ ಕೆಡುತ್ತದೆ. ತಲೆಯ ಬಟ್ಟೆ ಇಲ್ಲಿ ಇಬ್ಬರ ಗುಟ್ಟನ್ನು ಕಾಯುತ್ತದೆ. ತಲೆ ಉಡುಪಿನ ಪುಸ್ತಕಗಳಲ್ಲಿ ಈ ಬಳಕೆಗೆ ಜಾಗ ಸಿಗುವುದು ಕಡಿಮೆ. ಬಂಗಾರದ ತುರಾಯಿಗೆ ಸಿಕ್ಕುವ ಪುಟಗಳಲ್ಲಿ ಒಂದನ್ನಾದರೂ ಇದಕ್ಕೆ ಕೊಡಬಹುದಿತ್ತು.

ರುಮಾಲನ್ನು ತೆಗೆಯಬೇಕಾದ ಸಂದರ್ಭಗಳು ಅದರ ಬೆಲೆ ಹೇಳುತ್ತವೆ. ದೇವರ ಮುಂದೆ, ಹೆಣದ ಮುಂದೆ, ಹಿರಿಯರ ಕಾಲಿಗೆರಗುವಾಗ ತೆಗೆಯುವುದು ಮನಸ್ಸೊಪ್ಪಿ ಮಾಡುವ ಕೆಲಸ. ದಿಕ್ಕು ತೋಚದ ಅಪ್ಪ ಬೀಗರ ಕಾಲ ಬುಡದಲ್ಲಿ ರುಮಾಲು ಇಟ್ಟು ಬೇಡುವುದು ಹಳೆಯ ಕತೆಗಳಲ್ಲೂ ಸಿನಿಮಾಗಳಲ್ಲೂ ಮತ್ತೆ ಮತ್ತೆ ಬರುವ ದೃಶ್ಯ. ಇದರ ಮೇಲೆ ಇನ್ನು ಕೊಡಲು ತನ್ನ ಬಳಿ ಏನೂ ಉಳಿದಿಲ್ಲ ಎಂಬುದು ಅದರ ಅರ್ಥ. ಬಲವಂತದಿಂದ ತೆಗೆಸುವುದು ಬೇರೆ ಸಂಗತಿ. ಕೇರಿಯವರು ಊರೊಳಗೆ ಕಾಲಿಡುವಾಗ ಮೆಟ್ಟನ್ನು ಕೈಯಲ್ಲಿ ಹಿಡಿದು, ತಲೆಯ ಬಟ್ಟೆ ಬಿಚ್ಚಿ ಸೊಂಟಕ್ಕೆ ಸುತ್ತಿಕೊಳ್ಳಬೇಕೆಂಬ ಕಟ್ಟಳೆ ಹಳೇ ಮೈಸೂರಿನ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ಎರಡು ಮೊಳದ ಬಟ್ಟೆಯಲ್ಲಿ ಒಂದು ಊರಿನ ಇಡೀ ಮೇಲು ಕೀಳು ಅಡಗಿತ್ತು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ ಹಸಿರು ಟವೆಲ್ಲನ್ನು ಗುರುತಾಗಿ ಮಾಡಿಕೊಂಡಾಗ ರೈತನ ಬಟ್ಟೆಗೆ ಇನ್ನೊಂದು ನಡವಳಿಕೆ ಬಂತು. ಸಾಹೇಬರ ಕೋಣೆಯ ಬಾಗಿಲಲ್ಲಿ ಕಂಕುಳಿಗೆ ಸೇರುತ್ತಿದ್ದ ಟವೆಲ್ಲು ಹೆಗಲು, ತಲೆ ಬಿಟ್ಟಿಳಿಯದೆ ತಾಲ್ಲೂಕು ಕಚೇರಿಯ ಒಳಗೆ ಹೋಗಿ ಕುಳಿತಿತು.

ಅರಮನೆಯ ಲೆಕ್ಕವೇ ತಿರುಗಾಮುರುಗಾ. ಯುರೋಪಿನಲ್ಲಿ ದೊಡ್ಡವರೆದುರು ಹ್ಯಾಟು ತೆಗೆಯುವುದು ಮರ್ಯಾದೆ; ಮೈಸೂರು ದರ್ಬಾರಿನಲ್ಲಿ ಬರಿತಲೆಯಲ್ಲಿ ಬರುವುದೇ ಅಮರ್ಯಾದೆ. ಉದ್ದ ಕೋಟು, ಜರಿ ಪೇಟ ಇಲ್ಲದೆ ಅಧಿಕಾರಿಗಳಿಗೆ ನವರಾತ್ರಿಯ ದರ್ಬಾರಿಗೆ ಪ್ರವೇಶವಿರಲಿಲ್ಲ. ಮೈಸೂರು ಪೇಟ ಹೀಗೆ ಅರಮನೆಯಿಂದ ಕಚೇರಿಗೆ, ಕಚೇರಿಯಿಂದ ಶಾಲೆಗೆ ಇಳಿಯಿತು. ಕಚ್ಚೆಪಂಚೆ, ಮುಚ್ಚುಕೋಟು, ಪೇಟ ತೊಟ್ಟ ಅಮಲ್ದಾರರೂ ಹೈಸ್ಕೂಲು ಮೇಷ್ಟ್ರುಗಳೂ ಕಳೆದ ಶತಮಾನದ ಮೊದಲ ಅರ್ಧದ ತುಮಕೂರಿನ ಗ್ರೂಪ್ ಫೋಟೋಗಳಲ್ಲಿ ಸಾಲಾಗಿ ಕುಳಿತಿರುತ್ತಾರೆ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಪೇಟವಿಲ್ಲದೆ ಇರುವ ಚಿತ್ರ ಜನರ ಕಣ್ಣಲ್ಲಿ ನಿಂತೇ ಇಲ್ಲ. ಶಾಲೆಯ ವೇಷಭೂಷಣ ಸ್ಪರ್ಧೆಯಲ್ಲಿ ಮಗುವಿನ ತಲೆಗೆ ಪೇಟ ಕೂರಿಸಿ ಕೋಟು ಹಾಕಿದರೆ ವಿಶ್ವೇಶ್ವರಯ್ಯ, ಬಿಳಿ ಟೋಪಿ ಇಟ್ಟು ಕೆಂಪು ಗುಲಾಬಿ ಸಿಕ್ಕಿಸಿದರೆ ನೆಹರು. ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ.

ಈಗ ಪೇಟದ ಬದುಕು ಹೆಚ್ಚಾಗಿ ಎರಡು ಕಡೆ. ಮೊದಲನೆಯದು ಮದುವೆಯ ಹಸೆಮಣೆ. ಅಲ್ಲಿ ಬಾಸಿಂಗದ ಜೊತೆ ಪೇಟ ತೊಟ್ಟ ಹುಡುಗ ಒಂದು ದಿನದ ಮಟ್ಟಿಗೆ ರಾಜ. ಎರಡನೆಯದು ಸನ್ಮಾನದ ವೇದಿಕೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಮೈಸೂರು ಪೇಟ ಎಂಬ ಐದು ವಸ್ತುಗಳ ಕಟ್ಟು ಎಷ್ಟು ಗಟ್ಟಿಯಾಗಿದೆ ಎಂದರೆ ತುಮಕೂರಿನ ಅಂಗಡಿಗಳಲ್ಲಿ ಸನ್ಮಾನದ ಸೆಟ್ ಎಂದರೆ ಸಾಕು, ಎಲ್ಲವೂ ಒಂದೇ ಚೀಲದಲ್ಲಿ ಬರುತ್ತವೆ. ಅದರಲ್ಲಿರುವ ಪೇಟವನ್ನು ಯಾರೂ ಯಾರ ತಲೆಗೂ ಸುತ್ತುವುದಿಲ್ಲ. ರಟ್ಟಿನ ಅಚ್ಚಿನ ಮೇಲೆ ಬಟ್ಟೆ ಬಿಗಿದು, ಜರಿ ಪಟ್ಟಿ ಅಂಟಿಸಿ ತಯಾರಾಗಿ ಬಂದದ್ದು ಅದು. ಕಟ್ಟುವ ಪೇಟ ತಲೆಯ ಅಳತೆಗೆ ತಾನೇ ಹೊಂದುತ್ತಿತ್ತು. ಅಚ್ಚಿನ ಪೇಟ ದೊಡ್ಡ ತಲೆಯ ಸಾಹಿತಿಯ ನೆತ್ತಿಯಲ್ಲಿ ಕುಳಿತು ಜಾರುತ್ತದೆ, ಸಣ್ಣ ತಲೆಯ ಕ್ರೀಡಾಪಟುವಿನ ಹುಬ್ಬಿಗೆ ಇಳಿಯುತ್ತದೆ. ಫೋಟೋ ತೆಗೆದ ಮರುಕ್ಷಣ ಅದು ಮಡಿಲಿಗೆ, ಆಮೇಲೆ ಮನೆಯ ಅಲ್ಮೇರಾದ ಮೇಲಕ್ಕೆ ಹೋಗುತ್ತದೆ. ಕಟ್ಟುವ ಕೈ ಬೇಡವಾದ ಮೇಲೆ ಪೇಟಕ್ಕೆ ಗೌರವ ಸ್ವಲ್ಪ ತಗ್ಗಿದ್ದು ಸುಳ್ಳಲ್ಲ. ಕೈ ಬಲ್ಲವರೊಬ್ಬರು ವೇದಿಕೆಯಲ್ಲೇ ನಿಂತು ಮಡಿಕೆ ಮಡಿಕೆಯಾಗಿ ಸುತ್ತುವ ಐದು ನಿಮಿಷ ಸಭೆಗೆ ಭಾರವಾಗಲಾರದು. ಅತಿಥಿಗಳ ಭಾಷಣದಲ್ಲಿ ಅಷ್ಟು ಹೊತ್ತನ್ನು ಯಾರೂ ಎಣಿಸುವುದಿಲ್ಲ. ಸನ್ಮಾನಿತರು ಹೆಂಗಸರಾದರೆ ಪೇಟ ಬಿಟ್ಟು ಸೀರೆಯನ್ನೋ ಕುಂಕುಮದ ಬಟ್ಟಲನ್ನೋ ಕೊಡುವ ವಾಡಿಕೆ ಇತ್ತು. ಇತ್ತೀಚೆಗೆ ಅವರಿಗೂ ಪೇಟ ತೊಡಿಸುವುದು ಕಾಣುತ್ತಿದೆ. ತುರುಬಿನ ಹೂವು ನಲುಗುತ್ತದೆ ಎಂಬುದೊಂದೇ ಇದಕ್ಕೆ ಕೇಳಿಬರುವ ಆಕ್ಷೇಪ.

ಗಾಂಧಿ ಟೋಪಿಯ ಕತೆ ಪೇಟದ ಎದುರು ದಿಕ್ಕಿನದು. ರುಮಾಲಿಗೆ ಗಜಗಟ್ಟಲೆ ಬಟ್ಟೆ ಬೇಕು, ಬಡ ದೇಶಕ್ಕೆ ಅದು ದುಂದು ಎಂಬುದು ಗಾಂಧೀಜಿಯ ವಾದ. ಕಾಶ್ಮೀರಿ ಟೋಪಿಯ ಮಾದರಿ ಹಿಡಿದು, ಮಡಚಿ ಜೇಬಿಗೆ ಹಾಕಿಕೊಳ್ಳಬಹುದಾದ ಖಾದಿಯ ಟೋಪಿಯನ್ನು ಅವರು ರೂಪಿಸಿದ್ದು 1919–20ರ ಸುಮಾರಿಗೆ. ಬಿಳಿ ಬಣ್ಣವಾದರೆ ಕೊಳೆ ಕಾಣುತ್ತದೆ, ಕಂಡರೆ ತೊಳೆಯುತ್ತಾರೆ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. 1921ರ ಸೆಪ್ಟೆಂಬರಿನಲ್ಲಿ ಮಧುರೈಯಲ್ಲಿ ತುಂಡು ಪಂಚೆಗೆ ಇಳಿದ ಗಾಂಧೀಜಿ ಟೋಪಿಯನ್ನೂ ಬಿಟ್ಟರು. ಅವರು ಬಿಟ್ಟರೂ ದೇಶ ಬಿಡಲಿಲ್ಲ. ಜಾತಿ, ಸೀಮೆ, ಕಸುಬು ಮೂರನ್ನೂ ರುಮಾಲಿನ ಸುತ್ತು ನೋಡಿಯೇ ಹೇಳಬಹುದಾಗಿದ್ದ ಕಾಲದಲ್ಲಿ, ಎಲ್ಲರ ತಲೆಯ ಮೇಲೂ ಒಂದೇ ತೆರನಾಗಿ ಕೂರುವ ಟೋಪಿ ದೊಡ್ಡ ಬದಲಾವಣೆಯೇ. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಕೊನೆಯವರೆಗೂ ಅದನ್ನು ಬಿಡಲಿಲ್ಲ. ಆಮೇಲಿನ ವ್ಯಂಗ್ಯಚಿತ್ರಗಳಲ್ಲಿ, ಸಿನಿಮಾಗಳಲ್ಲಿ ಅದೇ ಟೋಪಿ ಭ್ರಷ್ಟ ರಾಜಕಾರಣಿಯ ಗುರುತಾಗಿ ಇಳಿಯಿತು. 2011ರ ಅಣ್ಣಾ ಹಜಾರೆ ಚಳವಳಿ ಅದನ್ನು ಮತ್ತೆ ತೊಳೆದು ತರುಣರ ತಲೆಗೆ ಇಟ್ಟಿತು. ನೂರು ವರ್ಷದಲ್ಲಿ ಟೋಪಿ ಬದಲಾಗಲಿಲ್ಲ, ನೋಡುವವರು ಬದಲಾದರು.

ಮೋಸಕ್ಕೆ ಟೋಪಿ ಹಾಕುವುದು ಎಂಬ ಮಾತು ಈ ರಾಜಕೀಯದಿಂದ ಹುಟ್ಟಿತೆಂದು ಕೆಲವರು ನಂಬಿದ್ದಾರೆ. ಅದನ್ನು ಸಾಧಿಸಲು ಆಧಾರ ಬೇಕಿಲ್ಲದಷ್ಟು ಸೊಗಸಾದ ನಂಬಿಕೆ ಅದು. ಚೀಟಿ ದುಡ್ಡು ಎತ್ತಿಕೊಂಡು ಓಡಿಹೋದವನು ಟೋಪಿ ಹಾಕಿದ, ಕಳೆದುಕೊಂಡವನು ಹಾಕಿಸಿಕೊಂಡ. ಇಲ್ಲಿಯೂ ಟೋಪಿ ಏರುವುದು ಇನ್ನೊಬ್ಬರ ಕೈಯಿಂದ, ಅದೂ ತಲೆ ಕೊಟ್ಟವನಿಗೆ ಗೊತ್ತಾಗದಂತೆ.

ದೇವರ ಸನ್ನಿಧಿಯಲ್ಲಿ ತಲೆಯ ವ್ಯವಹಾರ ಇನ್ನಷ್ಟು ಸೂಕ್ಷ್ಮ. ಗುಡಿಯೊಳಗೆ ಪೇಟ, ಟೋಪಿ ತೆಗೆಯಬೇಕು. ದರ್ಗಾದಲ್ಲಿ ಕರವಸ್ತ್ರವನ್ನಾದರೂ ತಲೆಗೆ ಕಟ್ಟಿಕೊಳ್ಳಬೇಕು. ಎರಡೂ ಕಡೆ ಹೋಗಿಬರುವವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ, ಕರವಸ್ತ್ರ ಜೇಬಲ್ಲೇ ಇರುತ್ತದೆ. ಗುಡಿಯಲ್ಲಿ ಬರಿದಾದ ತಲೆ ಬರಿದಾಗಿಯೇ ಉಳಿಯುವುದೂ ಇಲ್ಲ. ಮರ್ಯಾದೆಗೆ ಪಾತ್ರರಾದವರಿಗೆ ಅರ್ಚಕರು ದೇವರ ವಸ್ತ್ರವನ್ನು ಪರಿವಟ್ಟವಾಗಿ ಸುತ್ತುತ್ತಾರೆ. ಮಿಕ್ಕವರಿಗೆ ಶಠಾರಿ ಇದೆ. ತುಮಕೂರಿನ ಹತ್ತಿರದ ದೇವರಾಯನದುರ್ಗದಂಥ ವಿಷ್ಣು ಕ್ಷೇತ್ರಗಳಲ್ಲಿ ತೀರ್ಥ ಕೊಟ್ಟ ಮೇಲೆ ಅರ್ಚಕರು ಭಕ್ತರ ತಲೆಗೆ ಮುಟ್ಟಿಸುವ ಬೆಳ್ಳಿಯ ಬಟ್ಟಲು ಅದು. ನೋಡಲು ಕಿರೀಟದ ಆಕಾರ. ಕಿರೀಟದ ನೆತ್ತಿಯಲ್ಲಿ ಮಾತ್ರ ರತ್ನದ ಬದಲು ದೇವರ ಎರಡು ಪಾದಗಳು. ವೈಷ್ಣವ ಸಂತ ನಮ್ಮಾಳ್ವಾರರ ಶಠಕೋಪ ಎಂಬ ಹೆಸರು ಅದಕ್ಕೆ ಅಂಟಿದೆ. ಅರ್ಧ ಗಳಿಗೆಯೂ ನಿಲ್ಲದ ಈ ಕಿರೀಟ ಸಾಹುಕಾರನಿಗೂ ಕೂಲಿಯವನಿಗೂ ಒಂದೇ, ತಲೆ ಬಗ್ಗಿಸದವರಿಗೆ ಮುಟ್ಟುವುದೂ ಇಲ್ಲ. ಕಿರೀಟವೇ ಉತ್ಸವವಾಗುವ ಊರೂ ದೂರವಿಲ್ಲ. ಕುಣಿಗಲ್ ಬಿಟ್ಟು ನಾಗಮಂಗಲ ದಾಟಿದರೆ ಮೇಲುಕೋಟೆ. ಅಲ್ಲಿ ಚೆಲುವನಾರಾಯಣಸ್ವಾಮಿ ತೊಡುವ ವೈರಮುಡಿ ವರ್ಷವೆಲ್ಲ ಮಂಡ್ಯದ ಖಜಾನೆಯಲ್ಲಿದ್ದು, ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಬೆಟ್ಟ ಏರುತ್ತದೆ. ಹಗಲ ಬೆಳಕು ಅದಕ್ಕೆ ತಾಗಬಾರದೆಂಬ ನಂಬಿಕೆಯಿಂದ ಉತ್ಸವ ರಾತ್ರಿಯೇ ಮುಗಿಯುತ್ತದೆ.

ಮಠಗಳಲ್ಲಿ ಕಾವಿ ಬಟ್ಟೆ ತಲೆಗೇರಿದರೆ ಸಂಸಾರ ಬಿಟ್ಟ ಗುರುತು. 2019ರ ಜನವರಿಯಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಚಿತ್ರ ಜಿಲ್ಲೆಯ ಎಷ್ಟೋ ಅಂಗಡಿ ಗಲ್ಲಾಪೆಟ್ಟಿಗೆಗಳ ಮೇಲಿದೆ; ಯಾವ ಚಿತ್ರದಲ್ಲೂ ತಲೆಯ ಕಾವಿ ವಸ್ತ್ರ ತಪ್ಪುವುದಿಲ್ಲ. ಜನಪದರ ಭಕ್ತಿಗೆ ಇಷ್ಟು ಸರಳತೆ ಒಗ್ಗದು. ಮೈಲಾರಲಿಂಗನ ಒಕ್ಕಲಾದ ಗೊರವರು ಕರಿಕಂಬಳಿ ಹೊದ್ದು, ಕರಡಿ ಕೂದಲಿನ ಎತ್ತರದ ಟೋಪಿ ಇಟ್ಟು, ಡಮರುಗ ಬಡಿಯುತ್ತ, ಕೊಳಲೂದುತ್ತ ಕುಣಿಯುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹೊಸದಾಗಿ ಕರಡಿ ತೊಗಲು ತರುವ ಹಾಗಿಲ್ಲ, ಹೀಗಾಗಿ ತಾತನ ಟೋಪಿ ಮನೆಯಲ್ಲಿ ಉಳಿದಿದ್ದರೆ ಅದು ಆಸ್ತಿಯೇ. ವೀರಗಾಸೆಯವರ ತಲೆಯಿಂದ ಬಿಳಿಯ ಚೌರಿ ಬೆನ್ನಿಗೆ ಇಳಿಯುತ್ತದೆ. ಗ್ರಾಮದೇವತೆಯ ಮುಂದೆ ಕುಣಿಯುವ ಸೋಮಗಳಿಗೆ ಮುಖವಾಡವೂ ತಲೆಯ ಕಟ್ಟೂ ಒಂದಾಗಿ ಆಳೆತ್ತರ ಮೀರಿದ ಭಾರವಾಗುತ್ತದೆ. ಹೊತ್ತವನು ಮನುಷ್ಯನಾಗಿ ಉಳಿಯಬಾರದು ಎಂಬುದೇ ಅದರ ಉದ್ದೇಶ. ತಲೆಯಿಂದ ಇಳಿಸಿದ ಕೂಡಲೇ ಬೆವೆತ ಮುಖದ ಊರಿನ ಹುಡುಗನೊಬ್ಬ ಹೊರಬಂದು ನೀರು ಕೇಳುತ್ತಾನೆ.

ಕಿರೀಟದ ವಿಷಯ ಬಂದಾಗ ಗುಬ್ಬಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. 1884ರಲ್ಲಿ ಇಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿ ದಕ್ಷಿಣ ಭಾರತವನ್ನೆಲ್ಲ ಸುತ್ತಿತು. ಅದನ್ನು ಬೆಳೆಸಿದ ಗುಬ್ಬಿ ವೀರಣ್ಣ (1891–1972) ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದವರು. ಅಂಥ ವೈಭವದ ಕಂಪನಿಯ ಮಾಲೀಕರಿಗೆ ಹೆಸರು ತಂದದ್ದು ಮಾತ್ರ ಕಿರೀಟದ ಪಾತ್ರವಲ್ಲ, ಸದಾರಮೆ ನಾಟಕದ ಕಳ್ಳನ ಪಾತ್ರ. ದುಡ್ಡು ಹಾಕಿ ಸಾಲು ಸಾಲು ಕಿರೀಟ ಮಾಡಿಸಿ ಬೇರೆಯವರ ತಲೆಗಿಟ್ಟು, ತಾವು ಜನರನ್ನು ನಗಿಸಲು ನಿಂತವರು ಅವರು. ಮೈಸೂರು ಅರಮನೆ ಅವರಿಗೆ ವರನಟ ಎಂಬ ಬಿರುದು ಕೊಟ್ಟಿತು. ತುಮಕೂರಿನ ಕಲಾಕ್ಷೇತ್ರಕ್ಕೆ ಈಗ ಅವರದೇ ಹೆಸರು.

ಕಂಪನಿಗಳು ಅಳಿದರೂ ಕಿರೀಟ ಹಳ್ಳಿಗಳಲ್ಲಿ ಉಳಿದಿದೆ. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕಗಳ ಕಾಲ. ಊರಿನ ರೈತರು, ಚಾಲಕರು, ಗುಮಾಸ್ತರು ಸೇರಿ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ಕಂದ, ವೃತ್ತ ಕಲಿಯುತ್ತಾರೆ. ಖರ್ಚು ತೂಗಿಸಲು ಪಾತ್ರಧಾರಿಗಳೇ ದುಡ್ಡು ಹಾಕುತ್ತಾರೆ. ದುರ್ಯೋಧನನ ಪಾತ್ರಕ್ಕೆ ಹೆಚ್ಚು, ದೂತನಿಗೆ ಕಡಿಮೆ. ಸೀನರಿಯವರು ಪರದೆಗಳ ಜೊತೆ ಟ್ರಂಕಿನಲ್ಲಿ ಕಿರೀಟ, ಭುಜಕೀರ್ತಿ, ಗದೆ ಬಾಡಿಗೆಗೆ ತರುತ್ತಾರೆ. ಆ ಕಿರೀಟ ಹತ್ತಿರದಿಂದ ಕಾಣುವುದು ಹೀಗೆ: ಹಗುರ ರಟ್ಟಿನ ಚೌಕಟ್ಟು, ಮೇಲೆ ಬಣ್ಣದ ಮಖಮಲ್ಲು, ಅಂಚಿಗೆ ಗಾಜಿನ ಮಣಿ, ನಡುವೆ ಕನ್ನಡಿ ಚೂರು, ಹಿಂದೆ ಬಿಗಿಯಲು ಎರಡು ಲಾಡಿ. ಒಳಗಡೆ ಹಿಂದೆ ತೊಟ್ಟವರೆಲ್ಲರ ಬೆವರಿನ, ಎಣ್ಣೆಯ ಕಲೆ. ಕಿರೀಟ ಜಾರದಿರಲೆಂದು ಪಾತ್ರಧಾರಿ ಮೊದಲು ತಲೆಗೊಂದು ಬಟ್ಟೆ ಬಿಗಿದುಕೊಳ್ಳುತ್ತಾನೆ. ಬೆಳಗಿನ ಜಾವ ಊರುಭಂಗವಾಗಿ ಬಿದ್ದ ದುರ್ಯೋಧನನ ಕಿರೀಟ ಟ್ರಂಕು ಸೇರುತ್ತದೆ. ಒಳಗಿನ ಬಟ್ಟೆ ಮಾತ್ರ ತಲೆಯಲ್ಲೇ ಇರುತ್ತದೆ, ಆತ ಅದೇ ಟವೆಲ್ಲಿನಲ್ಲಿ ಹಾಲು ಕರೆಯಲು ಹೊರಡುತ್ತಾನೆ. ದುಡ್ಡು ಕೊಟ್ಟು ಕಿರೀಟ ತೊಡುವುದನ್ನು ಪೇಟೆಯವರು ನಗೆಗೆ ಈಡುಮಾಡುವುದುಂಟು. ಚುನಾವಣೆಯಲ್ಲಿ ಅದೇ ಕೆಲಸಕ್ಕೆ ಆಗುವ ಖರ್ಚಿನ ಮುಂದೆ ಇದು ಏನೇನೂ ಅಲ್ಲ.

ಈ ನಾಟಕಗಳ ಮೂಲವಾದ ಮಹಾಭಾರತದಲ್ಲಿ ಕಿರೀಟದ ಅರ್ಥ ಬಿಡಿಸುವ ಪ್ರಸಂಗವೊಂದಿದ್ದು, ಸಾಹಿತ್ಯದಲ್ಲಿ ತಲೆ ಉಡುಪಿನ ಬಗ್ಗೆ ಬರೆಯುವ ಯಾರೂ ಅದನ್ನು ಬಿಡುವಂತಿಲ್ಲ. ಅರ್ಜುನನಿಗೆ ಕಿರೀಟಿ ಎಂಬ ಹೆಸರು ಬಂದದ್ದು ದಾನವರ ಮೇಲೆ ಯುದ್ಧಕ್ಕೆ ಹೋದಾಗ ಇಂದ್ರ ಅವನ ತಲೆಗಿಟ್ಟ ಕಿರೀಟದಿಂದ. ಕರ್ಣಾರ್ಜುನರ ಕಾಳಗದಲ್ಲಿ ಕರ್ಣ ಅರ್ಜುನನ ಕೊರಳಿಗೆ ಗುರಿಯಿಟ್ಟು ಸರ್ಪಾಸ್ತ್ರ ಬಿಡುತ್ತಾನೆ. ಕೃಷ್ಣ ರಥವನ್ನು ನೆಲಕ್ಕೆ ಅದುಮುತ್ತಾನೆ. ಬಾಣ ಕೊರಳು ತಪ್ಪಿ ಕಿರೀಟವನ್ನು ಹಾರಿಸಿಕೊಂಡು ಹೋಗುತ್ತದೆ. ಪಂಪನೂ ಕುಮಾರವ್ಯಾಸನೂ ಈ ಸಂದರ್ಭವನ್ನು ಕನ್ನಡದಲ್ಲಿ ಕಟ್ಟಿಕೊಟ್ಟವರು. ರಂಗದ ಮೇಲೂ ಇದಕ್ಕೆ ಶಿಳ್ಳೆ ಬೀಳುತ್ತದೆ. ಆದರೆ ವ್ಯಾಸಭಾರತದಲ್ಲಿ ಇದರ ಬೆನ್ನಿಗೇ ಬರುವ ಸಣ್ಣ ವಿವರವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಕಿರೀಟ ಬಿದ್ದ ಮೇಲೆ ಅರ್ಜುನ ಕಳವಳಗೊಳ್ಳದೆ, ಬಿಚ್ಚಿದ ಕೂದಲನ್ನು ಬಿಳಿ ಬಟ್ಟೆಯಿಂದ ಕಟ್ಟಿಕೊಂಡು ಯುದ್ಧ ಮುಂದುವರಿಸುತ್ತಾನೆ. ಇಂದ್ರ ಕೊಟ್ಟದ್ದು ಹೋಯಿತು. ತಲೆಗೆ ತಾನೇ ಕಟ್ಟಿಕೊಂಡ ಬಟ್ಟೆಯಲ್ಲಿ ಅವನು ಕರ್ಣನನ್ನು ಗೆದ್ದ. ಕಿರೀಟಿ ಎಂಬ ಹೆಸರಿನವನು ತನ್ನ ಬದುಕಿನ ಅತಿ ದೊಡ್ಡ ಕಾಳಗವನ್ನು ಮುಗಿಸಿದ್ದು ಕಿರೀಟವಿಲ್ಲದೆ.

ಹೊರಗಿನ ಸಾಹಿತ್ಯದಲ್ಲೂ ಟೋಪಿಗೆ ಒಳ್ಳೆಯ ಪಾತ್ರಗಳು ಸಿಕ್ಕಿವೆ. 1892ರಲ್ಲಿ ಬಂದ ಕಾನನ್ ಡಾಯ್ಲ್‌ನ ನೀಲಿ ರತ್ನದ ಕತೆಯಲ್ಲಿ ಷರ್ಲಾಕ್ ಹೋಮ್ಸ್ ದಾರಿಯಲ್ಲಿ ಸಿಕ್ಕ ಹಳೆಯ ಹ್ಯಾಟೊಂದನ್ನು ತಿರುಗಿಸಿ ನೋಡಿ ಅದರ ಮಾಲೀಕನ ಬುದ್ಧಿ, ಬಡತನ, ಹೆಂಡತಿಯ ಅಸಡ್ಡೆ ಎಲ್ಲ ಹೇಳುತ್ತಾನೆ. 1943ರ ಪುಟ್ಟ ರಾಜಕುಮಾರನ ಕತೆಯಲ್ಲಿ ಮಗು ಬಿಡಿಸಿದ ಚಿತ್ರ ಆನೆ ನುಂಗಿದ ಹೆಬ್ಬಾವಿನದು, ದೊಡ್ಡವರಿಗೆ ಅದು ಬರೀ ಟೋಪಿ. ಕನ್ನಡದ ಮಕ್ಕಳಿಗೆ ಇವೆರಡಕ್ಕಿಂತ ಮೊದಲು ಗೊತ್ತಿರುವುದು ಟೋಪಿ ಮಾರುವವನು ಮತ್ತು ಕೋತಿಗಳು. ಮರದಡಿ ನಿದ್ದೆ ಹೋದವನ ಟೋಪಿಗಳು ಕೋತಿಗಳ ಪಾಲಾಗುತ್ತವೆ, ಅವನು ಸಿಟ್ಟಿನಿಂದ ತನ್ನದನ್ನು ನೆಲಕ್ಕೆಸೆದಾಗ ಅವೂ ಎಸೆಯುತ್ತವೆ. ಅದನ್ನು ಜಾಣತನದ ಪಾಠವೆಂದು ಕಲಿಸುತ್ತಾರೆ. ಮಕ್ಕಳಿಗೆ ಹಿಡಿಸುವುದು ಟೋಪಿ ಇಟ್ಟ ಕೋತಿ ಎಷ್ಟು ಬೇಗ ಮನುಷ್ಯನಂತೆ ಕಾಣುತ್ತದೆ ಎಂಬುದು.

ಸಮವಸ್ತ್ರದ ಟೋಪಿಯಲ್ಲಿ ತೊಡುವವನ ಇಷ್ಟಕ್ಕೆ ಎಡೆಯಿಲ್ಲ. ಕರ್ನಾಟಕದ ಪೊಲೀಸ್ ಪೇದೆಗಳು ಬಹಳ ಕಾಲದಿಂದ ತೊಡುತ್ತಿದ್ದ ಸ್ಲೌಚ್ ಹ್ಯಾಟು ಬ್ರಿಟಿಷರ ಕಾಲದ ಬಳುವಳಿ. ಒಂದು ಬದಿಯ ಅಂಚನ್ನು ಮೇಲಕ್ಕೆ ಮಡಚಿ ಸಿಕ್ಕಿಸುವುದು ಅಂದಕ್ಕಲ್ಲ, ಹೆಗಲ ಮೇಲಿನ ಬಂದೂಕಿಗೆ ಅದು ತಾಗದಿರಲೆಂದು ಸೇನೆಗಳು ಕಂಡುಕೊಂಡ ಉಪಾಯ. ಗಲಾಟೆಯ ಜಾಗದಲ್ಲಿ ಓಡುವಾಗ ಮೊದಲು ಉರುಳುತ್ತಿದ್ದುದೂ ಅದೇ. ಮೇಲಧಿಕಾರಿಗಳಿಗೆ ಪೀಕ್ ಕ್ಯಾಪ್, ಪೇದೆಗಳಿಗೆ ಸ್ಲೌಚ್ ಹ್ಯಾಟ್ ಎಂಬ ಭೇದ ಎಷ್ಟು ದೂರದಿಂದಲೂ ಕಾಣುತ್ತಿತ್ತು. ಸಿನಿಮಾದ ಹಾಸ್ಯ ಪೇದೆಗಳಿಗೆ ಅರ್ಧ ವೇಷ ಅದರಲ್ಲೇ ಮುಗಿಯುತ್ತಿತ್ತು. 2025ರ ಅಕ್ಟೋಬರ್ 28ರಂದು ಸರ್ಕಾರ ಅದರ ಬದಲು ಕಡುನೀಲಿ ಬಣ್ಣದ ಪೀಕ್ ಕ್ಯಾಪ್ ವಿತರಣೆಗೆ ಚಾಲನೆ ಕೊಟ್ಟಿತು. ತಲೆಯ ಮೇಲಿನ ಭೇದ ಪೂರ್ತಿ ಅಳಿಯದಿದ್ದರೂ ಕಡಿಮೆಯಾಗಿದೆ. ತಡವಾಗಿ ಬಂದ ಒಳ್ಳೆಯ ತೀರ್ಮಾನ ಅದು.

ಕುಣಿಗಲ್‌ನ ಕುದುರೆ ಫಾರಂ ಟಿಪ್ಪುವಿನ ಅಶ್ವದಳದ ಕಾಲಕ್ಕೆ ತನ್ನ ಮೂಲ ಹೇಳಿಕೊಳ್ಳುತ್ತದೆ. ಅಲ್ಲಿ ಹುಟ್ಟಿ ಬೆಳೆದ ಕುದುರೆಗಳು ಓಡುವುದು ಬೆಂಗಳೂರು, ಮೈಸೂರಿನಂಥ ಕಡೆಯ ರೇಸ್ ಮೈದಾನಗಳಲ್ಲಿ. ಅಲ್ಲಿ ಜಾಕಿಯ ಟೋಪಿ ಜಾಕಿಯದಲ್ಲ, ಕುದುರೆಯ ಮಾಲೀಕನದು. ಪ್ರತಿ ಮಾಲೀಕನೂ ಅಂಗಿ, ತೋಳು, ಟೋಪಿಗಳ ಬಣ್ಣವನ್ನು ನೋಂದಾಯಿಸಿರುತ್ತಾನೆ. ಒಳಗಿನ ಗಟ್ಟಿ ಹೆಲ್ಮೆಟ್ಟಿನ ಮೇಲೆ ಆ ಬಣ್ಣದ ಹೊದಿಕೆ ಬರುತ್ತದೆ. ಒಬ್ಬನೇ ಮಾಲೀಕನ ಎರಡು ಕುದುರೆ ಒಂದೇ ಓಟದಲ್ಲಿದ್ದರೆ ಅಂಗಿ ಎರಡಕ್ಕೂ ಅದೇ, ಟೋಪಿಯ ಬಣ್ಣ ಮಾತ್ರ ಬೇರೆ. ದೂಳಿನಲ್ಲಿ ಗುಂಪಾಗಿ ಬರುವ ಕುದುರೆಗಳ ನಡುವೆ ದುರ್ಬೀನು ಹಿಡಿದವರು ತಮ್ಮ ದುಡ್ಡು ಎಲ್ಲಿದೆ ಎಂದು ಹುಡುಕುವುದು ಆ ಟೋಪಿಯನ್ನೇ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಂಥ ದೊಡ್ಡ ಕಟ್ಟೋಣಗಳ ಕೆಲಸ ನಡೆಯುವಾಗಲೂ ತಲೆಯ ಹೆಲ್ಮೆಟ್ಟುಗಳಿಗೆ ಬಣ್ಣದ ಲೆಕ್ಕವಿರುತ್ತದೆ. ಸಾಮಾನ್ಯವಾಗಿ ಎಂಜಿನಿಯರುಗಳಿಗೆ ಬಿಳಿ, ಕೆಲಸಗಾರರಿಗೆ ಹಳದಿ.

ಈ ಸೀಮೆಯ ತಲೆಗಳ ಮೇಲೆ ಈಗ ಅತಿ ಹೆಚ್ಚು ಕಾಣುವುದು ರುಮಾಲೂ ಅಲ್ಲ, ಪೇಟವೂ ಅಲ್ಲ, ಹೆಲ್ಮೆಟ್ಟು. ಬೆಂಗಳೂರು–ತುಮಕೂರು ಹೆದ್ದಾರಿ, ಕುಣಿಗಲ್ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿ ಎರಡರಲ್ಲೂ ಬೈಕಿನ ಓಡಾಟ ವಿಪರೀತ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ. ಹೂ ಮುಡಿದ ಹೆಂಗಸರು, ಪಂಚೆಯ ಹಿರಿಯರು ಆಗ ಸಾಕಷ್ಟು ಗೊಣಗಿದರು. ಕಣ್ಣಿಗೆ ಕಾಣದ ಅಪಾಯಕ್ಕಿಂತ ಕಣ್ಣೆದುರು ನಿಂತ ಪೊಲೀಸರಿಗಾಗಿ ಹೆಲ್ಮೆಟ್ ಹಾಕುವವರು ಇನ್ನೂ ಕಡಿಮೆಯಾಗಿಲ್ಲ. ರಸ್ತೆ ಬದಿಯಲ್ಲಿ ಗುಡ್ಡೆ ಹಾಕಿ ಮಾರುವ ಅರ್ಧ ಹೆಲ್ಮೆಟ್ಟುಗಳು ಓಡುವುದು ಇಂಥವರಿಂದಲೇ. ಐಎಸ್‌ಐ ಗುರುತಿಲ್ಲದ, ಕಿವಿ ಮುಚ್ಚದ ಅವು ದಂಡ ತಪ್ಪಿಸಬಹುದು, ಪೆಟ್ಟು ತಪ್ಪಿಸುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟ್ ಕಡ್ಡಾಯ ಮಾಡಿದೆ. ಪೇಟ ಧರಿಸಿದ ಸಿಖ್ಖರಿಗೆ ಅದೇ ಕಲಂ ವಿನಾಯಿತಿಯನ್ನೂ ಕೊಟ್ಟಿದೆ. ಧರ್ಮ ತೊಡಿಸಿದ್ದನ್ನು ತೆಗೆಸುವ ಗೋಜಿಗೆ ಕಾನೂನು ಹೋಗಿಲ್ಲ. ಉಳಿದವರ ಮಟ್ಟಿಗೆ ಕಲಂ ಸ್ಪಷ್ಟವಾಗಿದೆ: ಪಟ್ಟಿಯಿಂದ ತಲೆಗೆ ಭದ್ರವಾಗಿ ಬಿಗಿದಿದ್ದರೆ ಮಾತ್ರ ಅದು ಹೆಲ್ಮೆಟ್ಟು. ಪಟ್ಟಿ ಬಿಗಿಯದೆ ನೆತ್ತಿಯ ಮೇಲಿಟ್ಟುಕೊಂಡದ್ದು, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡದ್ದು, ಕನ್ನಡಿಗೆ ನೇತುಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ.